ಒಂದು ಸರ್ವರ್, ಮೂರು ತಂತ್ರಾಂಶ: ಬೇರೆ ಪೋರ್ಟೋ, ಬೇರೆ ಐಪಿಯೋ, ರಿವರ್ಸ್ ಪ್ರಾಕ್ಸಿಯೋ?

ಹೆಚ್ಚುವರಿ ಐಪಿ ವಿಳಾಸವೊಂದಕ್ಕೆ ತಿಂಗಳ ಬಾಡಿಗೆ ಕಟ್ಟಿ, ಹನ್ನೊಂದನೆಯ ದಿನಕ್ಕೆ ಅದನ್ನು ವಾಪಸು ಮಾಡಿದವನು ನಾನು. ಹಾಗಾಗಿ ಈ ಹೋಲಿಕೆ ನಿಷ್ಪಕ್ಷಪಾತವೆಂದು ಹೇಳಿಕೊಳ್ಳುವುದಿಲ್ಲ. ನನ್ನ ಆಯ್ಕೆ ರಿವರ್ಸ್ ಪ್ರಾಕ್ಸಿ, ಅಂದರೆ ಬಾಗಿಲಲ್ಲಿ ನಿಂತು ಬಂದ ಕೋರಿಕೆಯನ್ನು ಒಳಗಿನ ಸರಿಯಾದ ತಂತ್ರಾಂಶಕ್ಕೆ ದಾಟಿಸುವ ಮಧ್ಯವರ್ತಿ. ಉಳಿದ ಎರಡನ್ನು ಯಾಕೆ ಬಿಟ್ಟೆ ಎಂಬುದೇ ಇಲ್ಲಿನ ಹೆಚ್ಚಿನ ಮಾತು.

ನನ್ನ ಬಳಿ ಇರುವುದು ಬಾಡಿಗೆಯ ಪುಟ್ಟ ಲಿನಕ್ಸ್ ಸರ್ವರ್. ಅದರಲ್ಲಿ ಮೂರು ತಂತ್ರಾಂಶಗಳು ಓಡಬೇಕು: ಟಿಪ್ಪಣಿಗೆ ಒಂದು, ಮನೆಯವರ ಫೋಟೊಗಳಿಗೆ ಒಂದು, ಆಮೇಲೆ ಓದೋಣವೆಂದು ಎತ್ತಿಟ್ಟ ಲೇಖನಗಳಿಗೆ ಒಂದು. ಮೂರೂ ಬ್ರೌಸರ್‌ನಲ್ಲೇ ತೆರೆಯುವಂಥವು. ಐಪಿ ವಿಳಾಸ ಮಾಹಿತಿಯ ಪ್ಯಾಕೆಟ್ಟನ್ನು ಯಂತ್ರದ ತನಕ ತಂದು ಬಿಡುತ್ತದೆ, ಅಷ್ಟೆ. ಒಳಗೆ ಬಂದ ಮೇಲೆ ಲಿನಕ್ಸ್‌ನ ತಿರುಳಾದ ಕರ್ನೆಲ್, ಮಾಹಿತಿ ಯಾವ ಬಗೆಯ ಸಾಗಣೆಯಲ್ಲಿ ಬಂದಿದೆ ಎಂದು ಹೇಳುವ ಪ್ರೊಟೊಕಾಲ್ ಸಂಖ್ಯೆ ನೋಡುತ್ತದೆ. 6 ಇದ್ದರೆ ಟಿಸಿಪಿ, 17 ಇದ್ದರೆ ಯುಡಿಪಿ. ಬಳಿಕ ವಿಳಾಸ ಮತ್ತು 16 ಬಿಟ್‌ಗಳ ಪೋರ್ಟ್ ಸಂಖ್ಯೆಯನ್ನು (ಯಂತ್ರದೊಳಗಿನ ಬಾಗಿಲ ಸಂಖ್ಯೆ ಎನ್ನಿ) ಹಿಡಿದು, ಯಾವ ಪ್ರೋಸೆಸ್, ಅಂದರೆ ಓಡುತ್ತಿರುವ ತಂತ್ರಾಂಶ, ಸಂಪರ್ಕಕ್ಕೆಂದು ತೆರೆದ ಸಾಕೆಟ್‌ಗೆ ಅದು ಸೇರಬೇಕೆಂದು ತೀರ್ಮಾನಿಸುತ್ತದೆ. ನನ್ನ ಮೊದಲ ಎರಡು ದಾರಿಗಳು ಈ ತೀರ್ಮಾನವನ್ನು ಪೂರ್ತಿಯಾಗಿ ಕರ್ನೆಲ್‌ಗೇ ಬಿಡುತ್ತವೆ.

ಮೊದಲು ಹಿಡಿದದ್ದು ಪುಕ್ಕಟೆ ದಾರಿ, ತಂತ್ರಾಂಶಕ್ಕೊಂದು ಪೋರ್ಟ್. ಟಿಪ್ಪಣಿಗೆ 3000, ಫೋಟೊಗೆ 6000, ಲೇಖನಗಳಿಗೆ 8080. ಫೋಟೊ ತೆರೆಯಲೇ ಇಲ್ಲ. ಸರ್ವರ್‌ನಲ್ಲಿ ಏನೂ ತಪ್ಪಿರಲಿಲ್ಲ; 6000 ಎಂಬುದು ಪರದೆಯ ಮೇಲೆ ಕಿಟಕಿಗಳನ್ನು ತೋರಿಸುವ ಎಕ್ಸ್ ವಿಂಡೋ ವ್ಯವಸ್ಥೆಯ ಪೋರ್ಟ್ ಆದ್ದರಿಂದ ಬ್ರೌಸರ್‌ಗಳು ಅಲ್ಲಿಗೆ ಹೋಗಲು ತಾವಾಗಿಯೇ ಒಪ್ಪುವುದಿಲ್ಲ. ಸಂಖ್ಯೆ ಬದಲಿಸಿದೆ. ಆಗ ಇನ್ನೊಂದು ಶುರುವಾಯಿತು: ಟಿಪ್ಪಣಿಗೆ ಲಾಗಿನ್ ಆದರೆ ಲೇಖನಗಳಿಂದ ಲಾಗ್‌ಔಟ್, ಅಲ್ಲಿ ಲಾಗಿನ್ ಆದರೆ ಇಲ್ಲಿ ಔಟ್. ಕರ್ನೆಲ್‌ಗೆ 3000 ಮತ್ತು 8080 ಬೇರೆ ಬೇರೆ, ಆದರೆ ಲಾಗಿನ್ ನೆನಪಿಡಲು ಬ್ರೌಸರ್ ಇಟ್ಟುಕೊಳ್ಳುವ ಕುಕಿಗಳಿಗೆ ಪೋರ್ಟ್ ಲೆಕ್ಕಕ್ಕೇ ಇಲ್ಲ. ಎರಡೂ ತಂತ್ರಾಂಶಗಳು ತಮ್ಮ ಕುಕಿಗೆ ಒಂದೇ ಹೆಸರಿಟ್ಟಿದ್ದರಿಂದ ಒಂದು ಇನ್ನೊಂದರದನ್ನು ಅಳಿಸಿ ಬರೆಯುತ್ತಿತ್ತು. ಸಾಲದ್ದಕ್ಕೆ ಅಕ್ಕ ಫೋನ್ ಮಾಡಿ, “ಆ ಎರಡು ಚುಕ್ಕೆ ಆದ ಮೇಲೆ ಎಂಟು ಸೊನ್ನೆ ಎಂಟು ಸೊನ್ನೆಯೋ, ಎಂಟು ಸೊನ್ನೆ ಸೊನ್ನೆ ಎಂಟೋ?” ಎಂದು ಕೇಳಿದಳು. ನನ್ನ ಕಚೇರಿಯ ಜಾಲವಂತೂ ವೆಬ್‌ನ ಮಾಮೂಲಿ ಪೋರ್ಟ್‌ಗಳಾದ 80 ಮತ್ತು 443 ಬಿಟ್ಟು ಬೇರೆ ಯಾವುದನ್ನೂ ಹೊರಗೆ ಬಿಡುವುದಿಲ್ಲ.

ಎಲ್ಲಕ್ಕೂ 443 ಬೇಕು ಎಂದಾದ ಮೇಲೆ ಹೊಳೆದದ್ದು ಹೆಚ್ಚುವರಿ ಐಪಿ. ವಿಳಾಸ ಬೇರೆಯಾದರೆ ಅದರ 443 ಕೂಡ ಬೇರೆಯೇ ತಾನೆ? ತರ್ಕ ಸರಿಯಾಗಿಯೇ ಇತ್ತು. ಹಳೆಯ ವಿಳಾಸದ 443ನ್ನು ಟಿಪ್ಪಣಿಗೆ ಕೊಟ್ಟು, ಹಣ ಕಟ್ಟಿ, ಹೊಸ ವಿಳಾಸವನ್ನು ಸರ್ವರ್‌ಗೆ ಸೇರಿಸಿ, ಫೋಟೊ ತಂತ್ರಾಂಶವನ್ನು ಆ ವಿಳಾಸದ 443ಕ್ಕೆ ಕಟ್ಟಿ ಶುರು ಮಾಡಿದೆ. ಬಂದ ಉತ್ತರ ಒಂದೇ ಸಾಲು: ವಿಳಾಸ ಈಗಾಗಲೇ ಬಳಕೆಯಲ್ಲಿದೆ.

ಈಗಷ್ಟೇ ಕೊಂಡ ವಿಳಾಸವನ್ನು ಯಾರು ಬಳಸುತ್ತಿದ್ದಾರೆ? ನನ್ನ ಸಂಶಯ ನೇರವಾಗಿ ಬಾಡಿಗೆಗೆ ಕೊಟ್ಟವರ ಮೇಲೆ ಹೋಯಿತು. ಒಂದೇ ವಿಳಾಸವನ್ನು ಇಬ್ಬರಿಗೆ ಮಾರಿದ್ದೀರಿ ಎಂದು ಸ್ವಲ್ಪ ಖಾರವಾಗಿಯೇ ಬರೆದೆ. ವಿಳಾಸ ನಿಮ್ಮದೇ, ಪಿಂಗ್ (ಯಂತ್ರ ಉತ್ತರಿಸುತ್ತದೆಯೇ ಎಂದು ಕೂಗಿ ನೋಡುವ ಪರೀಕ್ಷೆ) ಸರಿಯಾಗಿ ಹೋಗುತ್ತಿದೆ ಎಂದು ಅವರು ಉತ್ತರಿಸಿದರು. ಪಿಂಗ್‌ಗೆ ಪೋರ್ಟೇ ಇಲ್ಲ. ಅದು ಹೋದರೆ ಯಂತ್ರ ಜೀವಂತವಾಗಿದೆ ಎಂದಷ್ಟೇ ಅರ್ಥ. ಹಾಗೆಂದು ಇನ್ನೊಂದು ಪತ್ರ ಬರೆದೆ. ಹಳೆಯ ಸಂಪರ್ಕಗಳು ಪೂರ್ತಿ ಮುಚ್ಚಿರಲಿಕ್ಕಿಲ್ಲ ಎಂದುಕೊಂಡು ಒಂದೆರಡು ನಿಮಿಷ ಕಾದು ನೋಡಿದೆ. ಸರ್ವರನ್ನು ಎರಡು ಸಲ ರೀಬೂಟ್ ಮಾಡಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಕೆಲಸ ನಾಲ್ಕು ದಿನ ನಡೆಯಿತು.

ಐದನೆಯ ದಿನ, ಮೊದಲೇ ಮಾಡಬೇಕಾಗಿದ್ದ ಕೆಲಸ ಮಾಡಿದೆ. ಎಸ್‌ಎಸ್ ಎಂಬ ಆದೇಶ ಕೊಟ್ಟು, ಯಾವ ಪ್ರೋಸೆಸ್ ಎಲ್ಲಿ ಕಿವಿಗೊಟ್ಟು ಕೂತಿದೆ ಎಂಬ ಪಟ್ಟಿ ತೆಗೆಸಿದೆ. 443ರ ಸಾಲಿನಲ್ಲಿ ವಿಳಾಸ ಇರಬೇಕಾದ ಜಾಗದಲ್ಲಿ ಒಂದು ನಕ್ಷತ್ರ ಚಿಹ್ನೆ ಇತ್ತು. ಪಕ್ಕದಲ್ಲಿ ಟಿಪ್ಪಣಿ ತಂತ್ರಾಂಶದ ಹೆಸರು. ನಕ್ಷತ್ರವೆಂದರೆ ಈ ಯಂತ್ರದ ಎಲ್ಲ ವಿಳಾಸಗಳೂ ನನ್ನವೇ ಎಂದು. ಐಪಿ ವಿಳಾಸಗಳಲ್ಲಿ ಹಳೆಯ ಬಗೆ ಐಪಿವಿ4, ಹೊಸದು ಐಪಿವಿ6. ಟಿಪ್ಪಣಿ ತಂತ್ರಾಂಶ ಐಪಿವಿ6ರ ‘ಯಾವುದಾದರೂ ವಿಳಾಸ’ಕ್ಕೆ ಸಾಕೆಟ್ ಕಟ್ಟಿತ್ತು, ಲಿನಕ್ಸ್‌ನಲ್ಲಿ ಬೇರೆ ಏನೂ ಹೇಳದಿದ್ದರೆ ಅಂಥ ಸಾಕೆಟ್ ಐಪಿವಿ4 ವಿಳಾಸಗಳನ್ನೂ ಒಳಗೆ ಹಾಕಿಕೊಳ್ಳುತ್ತದೆ. ನಾನು ಕೊಂಡ ಹೊಸ ವಿಳಾಸ ಯಂತ್ರಕ್ಕೆ ಸೇರಿದ ಕ್ಷಣವೇ ಅದರ 443 ಕೂಡ ಟಿಪ್ಪಣಿಯ ಪಾಲಾಗಿತ್ತು. ಸೆಟ್ಟಿಂಗ್ ಬದಲಿಸೋಣವೆಂದರೆ ಆ ತಂತ್ರಾಂಶ ಪೋರ್ಟ್ ಸಂಖ್ಯೆ ಮಾತ್ರ ಕೇಳುತ್ತದೆ, ವಿಳಾಸ ಕೇಳುವುದೇ ಇಲ್ಲ. ಬಾಡಿಗೆಗೆ ಕೊಟ್ಟವರಿಗೆ ಕ್ಷಮೆ ಕೇಳಿ ಪತ್ರ ಬರೆದೆ.

ರಿವರ್ಸ್ ಪ್ರಾಕ್ಸಿ ಹೂಡಲು ಒಂದು ಸಂಜೆ ಸಾಕಾಯಿತು. ಈಗ 443ನ್ನು ಹಿಡಿದಿರುವುದು ಪ್ರಾಕ್ಸಿಯ ಪ್ರೋಸೆಸ್ ಒಂದೇ. ಒಳಗಿನ ಮೂರಕ್ಕೂ 3001, 3002, 3003 ಪೋರ್ಟ್‌ಗಳು, ಹೊರಗಿನವರಿಗೆ ತಲಾ ಒಂದು ತಾಣದ ಹೆಸರು. ಕರ್ನೆಲ್ ಪ್ರಾಕ್ಸಿಯ ತನಕ ತಂದು ಬಿಡುತ್ತದೆ, ಅಲ್ಲಿಂದ ಮುಂದೆ ಹೆಸರು ನೋಡಿ ಕಳಿಸುವ ಕೆಲಸ ಪ್ರಾಕ್ಸಿಯದು. ಟಿಎಲ್‌ಎಸ್ (ಸಂಪರ್ಕವನ್ನು ಗೂಢಲಿಪಿಯಲ್ಲಿಡುವ ವ್ಯವಸ್ಥೆ) ಹಸ್ತಲಾಘವದ ಮೊದಲ ಸಂದೇಶದಲ್ಲೇ ಬ್ರೌಸರ್ ತನಗೆ ಯಾವ ಹೆಸರಿನ ತಾಣ ಬೇಕೆಂದು ಹೇಳುತ್ತದೆ. ಅದರಿಂದ ಸರಿಯಾದ ಪ್ರಮಾಣಪತ್ರ ಸಿಗುತ್ತದೆ. ಆಮೇಲೆ ಎಚ್‌ಟಿಟಿಪಿ ಕೋರಿಕೆಯ ಹೋಸ್ಟ್ ಸಾಲಿನಲ್ಲಿ ಅದೇ ಹೆಸರು ಮತ್ತೆ ಬರುತ್ತದೆ. ಹೆಸರುಗಳು ಬೇರೆಯಾದ್ದರಿಂದ ಕುಕಿಗಳ ಜಗಳವೂ ಮುಗಿಯಿತು.

ಎಲ್ಲರೂ ಒಂದೇ 443ಕ್ಕೆ ಬಂದರೆ ಗೊಂದಲವಾಗುವುದಿಲ್ಲವೇ ಎಂದು ಅಕ್ಕನ ಮಗ ಕೇಳಿದ. ಆಗುವುದಿಲ್ಲ. ಟಿಸಿಪಿ ಸಂಪರ್ಕವೊಂದನ್ನು ಕರ್ನೆಲ್ ಗುರುತಿಸುವುದು ನಾಲ್ಕು ಅಂಶಗಳಿಂದ: ಹೊರಟ ವಿಳಾಸ, ಹೊರಟ ಪೋರ್ಟ್, ತಲುಪಿದ ವಿಳಾಸ, ತಲುಪಿದ ಪೋರ್ಟ್. ಒಂದೇ ಮನೆಯ ಎರಡು ಫೋನ್‌ಗಳು ಒಂದೇ ಸಾರ್ವಜನಿಕ ವಿಳಾಸದಿಂದ ಬಂದರೂ ಅವುಗಳ ಹೊರಟ ಪೋರ್ಟ್ ಬೇರೆ ಇರುತ್ತದೆ.

ಪ್ರಾಕ್ಸಿಯ ಕಿರಿಕಿರಿಗಳೂ ಇವೆ. ಒಳಗಿನ ತಂತ್ರಾಂಶಗಳ ಲಾಗ್‌ನಲ್ಲಿ ಎಲ್ಲರೂ 127.0.0.1, ಅಂದರೆ ಯಂತ್ರ ತನಗೆ ತಾನೇ ಕರೆದುಕೊಳ್ಳುವ ವಿಳಾಸ, ಆಗಿಬಿಡುತ್ತಾರೆ; ನಿಜವಾದ ವಿಳಾಸವನ್ನು ಕೋರಿಕೆಯ ಹೆಡರ್‌ನಲ್ಲಿ ಸೇರಿಸಿ ಕಳಿಸಲು ಹೇಳಬೇಕು. ದೊಡ್ಡ ಫೋಟೊಗಳನ್ನು ಮೊದಲ ದಿನ ಪ್ರಾಕ್ಸಿ ಒಳಗೆ ಬಿಡಲಿಲ್ಲ, ಗಾತ್ರದ ಮಿತಿ ಹೆಚ್ಚಿಸಬೇಕಾಯಿತು. ಪ್ರಾಕ್ಸಿ ಬಿದ್ದರೆ ಮೂರೂ ಬಿದ್ದಂತೆ. ಎಸ್‌ಎಸ್‌ಎಚ್‌ಗೆ (ದೂರದಿಂದ ಸರ್ವರ್‌ಗೆ ಲಾಗಿನ್ ಆಗುವ ದಾರಿ) ಹೆಸರು ಹೇಳುವ ಅಭ್ಯಾಸವಿಲ್ಲ, ಹಾಗಾಗಿ ಅದು 22ರಲ್ಲೇ ತನ್ನ ಪಾಡಿಗೆ ಇದೆ.

ನಿಮ್ಮದು ಯುಡಿಪಿ ಬಳಸುವ ಆಟದ ಸರ್ವರ್ ಆದರೆ ಬೇರೆ ಪೋರ್ಟ್‌ಗಳೇ ಸರಿ. ಈ ಪ್ರಾಕ್ಸಿ ಅಲ್ಲಿ ಕೆಲಸಕ್ಕೆ ಬಾರದು. ಐಪಿವಿ6 ಇದ್ದರೆ ವಿಳಾಸಗಳಿಗೆ ಬರವಿಲ್ಲ, ಆ ದಾರಿಯನ್ನೂ ನೋಡಬಹುದು, ನಕ್ಷತ್ರ ಚಿಹ್ನೆಯ ಮೇಲೆ ಕಣ್ಣಿಟ್ಟುಕೊಂಡು. ನನಗೆ ತಿಂಗಳಿಗೆ ಎರಡು ಬಾಡಿಗೆ ಕಟ್ಟುವ ಮನಸ್ಸಿಲ್ಲ, ಅಕ್ಕನಿಗೆ ಅಂಕಿ ಬರೆದುಕೊಳ್ಳುವ ತಾಳ್ಮೆಯಿಲ್ಲ. ಟಿಪ್ಪಣಿ ತಂತ್ರಾಂಶ ಈಗ 3001ರಲ್ಲೂ ನಕ್ಷತ್ರ ಹಿಡಿದೇ ಕೂತಿದೆ. ಆ ಪೋರ್ಟಿಗೆ ಹೊರಗಿನಿಂದ ಯಾರೂ ಬಾರದಂತೆ ಫೈರ್‌ವಾಲ್‌ನಲ್ಲಿ ಮುಚ್ಚಿದ್ದೇನೆ.