ಡಿವೋರ್ಸ್ ಲಾಯರ್ ಆಫೀಸಿಗೆ ಮೂರೂವರೆ ಸ್ಟಾರು, ನನ್ನ ಇನ್‌ಸ್ಟಾಗ್ರಾಂಗೆ ಸೊನ್ನೆ

ಮೊದ್ಲೇ ಹೇಳ್ಬಿಡ್ತೀನಿ, ಆಫೀಸಿನ ಹೆಸರು ಹಾಕಲ್ಲ. ಹಾಕಿದ್ರೆ ನಾನ್ಯಾರು ಅಂತ ನಮ್ ಚಿಕ್ಕಮ್ಮನಿಗೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತೆ, ಆಮೇಲೆ ಇಡೀ ಹಾಸನಕ್ಕೆ ಗೊತ್ತಾಗುತ್ತೆ. ಬೆಂಗಳೂರಿನ ಫ್ಯಾಮಿಲಿ ಕೋರ್ಟ್ ಇರೋದು ಸಿದ್ದಯ್ಯ ರೋಡಿನ ನ್ಯಾಯದೇಗುಲದಲ್ಲಿ, ಅಲ್ಲಿಂದ ನಡ್ಕೊಂಡು ಹೋಗೋಷ್ಟು ದೂರ, ಜೆರಾಕ್ಸ್ ಅಂಗಡಿ ಮೇಲೆ ಎರಡು ರೂಮು. ಮೇಡಂ ಒಬ್ರು, ಜೂನಿಯರ್ ಇಬ್ರು. 2024ರ ಆಗಸ್ಟ್‌ನಲ್ಲಿ ವಕಾಲತ್ತಿಗೆ ಸೈನ್ ಹಾಕಿದ್ದು, ಒಂದೂವರೆ ವರ್ಷ ಇವರ ಮೆಟ್ಟಿಲು ಹತ್ತಿ ಇಳ್ದಿದೀನಿ, ಹಾಗಾಗಿ ಬರೆಯೋ ಹಕ್ಕಿದೆ ಅನ್ಕೋತೀನಿ.

ಮೊದಲನೇ ದಿನ ನಾನು ಮೂರು ವರ್ಷದ ಜಗಳನೆಲ್ಲ ಬಾಯಿಪಾಠ ಮಾಡ್ಕೊಂಡು ಹೋಗಿದ್ದೆ, ಅಮ್ಮ ಒಡವೆ ಬಿಲ್ಲುಗಳ ಚೀಲ ಹಿಡ್ಕೊಂಡು ಬಂದಿದ್ರು. ಮೇಡಂ ಎರಡನ್ನೂ ನೋಡ್ಲಿಲ್ಲ. "ಫೋನ್ ಕೊಡಮ್ಮ ಇಲ್ಲಿ" ಅಂದ್ರು. ನನ್ ಪ್ರೊಫೈಲ್ ತೆಗ್ದು ಕನ್ನಡಕ ಹಣೆ ಮೇಲೆ ಏರಿಸ್ಕೊಂಡು ಒಂದೊಂದೇ ಕೆಳಗೆ ತಳ್ತಾ ಹೋದ್ರು. ಪ್ರೈವೇಟ್ ಇದೆ ಮೇಡಂ ಅಂದೆ. "ಎಷ್ಟು ಜನ ಇದಾರೆ ಇದ್ರಲ್ಲಿ?" ಮುನ್ನೂರು ಚಿಲ್ರೆ. "ಅವ್ರ ಕಡೆಯವ್ರು?" ಎಣಿಸಿದ್ರೆ ಏಳು ಜನ, ಅದ್ರಲ್ಲಿ ಒಬ್ಳು ನನ್ನ ನಾದಿನಿ. ಮೇಡಂ ಏನೂ ಅನ್ಲಿಲ್ಲ, ಫೋನ್ ವಾಪಸ್ ಕೊಟ್ರು ಅಷ್ಟೆ, ಆ ಸುಮ್ನಿರೋದೇ ಒಂಥರಾ ಬೈಗುಳ.

ಸರಿ ಎಲ್ಲಾ ಡಿಲೀಟ್ ಮಾಡ್ಬಿಡ್ಲಾ ಅಂದೆ. ಬೇಡ್ವೇ ಬೇಡ ಅಂದ್ರು. ಸ್ಕ್ರೀನ್‌ಶಾಟ್ ಆಗ್ಲೇ ಅವ್ರ ಹತ್ರ ಇರುತ್ತೆ, ಈಗ ಅಳಿಸಿದ್ರೆ ಏನೋ ಮುಚ್ಚಿಡ್ತಿದೀಯ ಅಂತಾಗುತ್ತೆ, ಕೋರ್ಟಿಗೆ ಸಿಗಬಾರದು ಅಂತ್ಲೇ ಸಾಕ್ಷಿ ಅಳಿಸೋದು ಅಪರಾಧ ಕೂಡ. ಹೊಸದಾಗಿ ಬರೀಬೇಡ, ಹಳೇದು ಮುಟ್ಬೇಡ. ಪಿಟಿಷನ್ ಪುಟ ಸ್ಟೇಟಸ್‌ಗೆ ಹಾಕೋದಂತೂ ಕನಸಲ್ಲೂ ಬೇಡ, ಹಿಂದೂ ಮ್ಯಾರೇಜ್ ಆಕ್ಟ್ 22ನೇ ಸೆಕ್ಷನ್ ಪ್ರಕಾರ ಕೇಸಿನ ವಿಷಯ ಪ್ರಕಟ ಮಾಡೋ ಹಾಗಿಲ್ಲ. ದಂಡ 1000 ರೂಪಾಯಿವರೆಗೆ ಮಾತ್ರ, 1955ರ ಕಾನೂನು ನೋಡಿ, ಆಗ ಅದು ದೊಡ್ಡ ದುಡ್ಡು.

ಇಷ್ಟೆಲ್ಲಾ ಕೇಳಿಸ್ಕೊಂಡು ನಾನು ಮಾಡಿದ್ದೇನು? ಗೋಕರ್ಣ.

ಆಗ ಕೆಲಸ ಬಿಟ್ಟಿದ್ದೆ, ಅದೇ ಆಕ್ಟಿನ 24ನೇ ಸೆಕ್ಷನ್‌ನಲ್ಲಿ ಮಧ್ಯಂತರ ಜೀವನಾಂಶ, ಅಂದ್ರೆ ಕೇಸ್ ಮುಗಿಯೋವರೆಗಿನ ಖರ್ಚಿಗೆ ದುಡ್ಡು, ಕೇಳಿದ್ವಿ. 2020ರಲ್ಲಿ ಸುಪ್ರೀಂ ಕೋರ್ಟ್ ರಜನೀಶ್ ವರ್ಸಸ್ ನೇಹಾ ಕೇಸಲ್ಲಿ ಹೇಳಿದ ಮೇಲೆ ಗಂಡ ಹೆಂಡತಿ ಇಬ್ರೂ ಆದಾಯ, ಆಸ್ತಿ, ಸಾಲ, ತಿಂಗಳ ಖರ್ಚು ಎಲ್ಲಾ ಅಫಿಡವಿಟ್‌ನಲ್ಲಿ ಬರ್ಕೊಡ್ಬೇಕು. ನನ್ನ ಆದಾಯ ಸೊನ್ನೆ ಅಂತ ಬರ್ದು ಸೈನ್ ಮಾಡಿದ್ದೆ, ಅದು ನಿಜಾನೂ ಹೌದು. ಅದಾಗಿ ಎರಡು ವಾರಕ್ಕೆ ಅಕ್ಕ ಮನಸ್ಸು ಹಗುರಾಗ್ಲಿ ಅಂತ ಗೋಕರ್ಣಕ್ಕೆ ಕರ್ಕೊಂಡು ಹೋದ್ಲು, ಓಂ ಬೀಚಲ್ಲಿ ಕೂತು ಫೋಟೋ ಹಾಕಿ ಕೆಳಗೆ "ಹೊಸ ಬದುಕು, ಹೊಸ ಖರ್ಚು" ಅಂತ ಬರ್ದೆ. ಯಾವ ದೆವ್ವ ಹಿಡ್ದಿತ್ತೋ. ಮುಂದಿನ ಡೇಟಿಗೆ ಎದುರು ಪಾರ್ಟಿ ಲಾಯರ್ ಅದನ್ನ ಎ4 ಸೈಜಲ್ಲಿ ಕಲರ್ ಪ್ರಿಂಟ್ ತೆಗ್ಸಿ ಹಾಕಿದ್ರು, "ಖರ್ಚು" ಅನ್ನೋ ಪದದ ಸುತ್ತ ಹಳದಿ ಗೆರೆ ಬೇರೆ. ಫೋಟೋ ಸುಳ್ಳು ಹೇಳ್ತಿರ್ಲಿಲ್ಲ, ಬಿಲ್ ಯಾರು ಕೊಟ್ರು ಅಂತ ಹೇಳ್ತಿರ್ಲಿಲ್ಲ ಅಷ್ಟೆ. ಇಲ್ಲಿ ಆಫೀಸಿಗೆ ಪೂರ್ತಿ ಮಾರ್ಕ್ಸು: ದೊಡ್ಡ ಜೂನಿಯರ್ ಅವತ್ತೇ ರಾತ್ರಿ ಅಕ್ಕನ ಬ್ಯಾಂಕ್ ಸ್ಟೇಟ್‌ಮೆಂಟು, ರೂಮಿನ ಬಿಲ್ಲು ಎಲ್ಲಾ ತರಿಸ್ಕೊಂಡು ಉತ್ತರ ರೆಡಿ ಮಾಡಿದ್ರು. ಕೊನೆಗೆ ಜೀವನಾಂಶ ಆಯ್ತು, ಕೇಳಿದ್ದಕ್ಕಿಂತ ಕಮ್ಮಿ.

ಈಗ ನನ್ ಸಿಟ್ಟಿಗೆ ಬರೋಣ. ನನ್ ಗಂಡ ಕಳಿಸಿದ್ದ ವಾಟ್ಸಾಪ್ ಮೆಸೇಜುಗಳೇ ನಮ್ಮ ಕೇಸಿನ ಜೀವ. ಅವನ್ನ ಕೋರ್ಟಿಗೆ ಕೊಡುವಾಗ ಈ ಕಾಪಿ ಇಂಥ ಫೋನಿಂದ ತೆಗ್ದಿದ್ದು ಅಂತ ಹೇಳೋ ಒಂದು ಸರ್ಟಿಫಿಕೇಟ್ ಬೇಕು. ಮೊದ್ಲು ಅದು ಎವಿಡೆನ್ಸ್ ಆಕ್ಟ್ 65ಬಿ ಅಂತಿತ್ತು, 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್, ಅದ್ರಲ್ಲಿ ಎರಡು ಭಾಗ, ಒಂದು ನಾವು ಸೈನ್ ಮಾಡೋದು ಇನ್ನೊಂದು ಎಕ್ಸ್‌ಪರ್ಟ್ ಮಾಡೋದು, ಜೊತೆಗೆ ಹ್ಯಾಶ್ ವ್ಯಾಲ್ಯೂ ಅಂತ ಹಾಕ್ಬೇಕು, ಅದು ಫೈಲಿನ ಹೆಬ್ಬೆಟ್ಟು ಇದ್ದಂಗೆ, ಒಂದು ಅಕ್ಷರ ಬದಲಾದ್ರೂ ನಂಬರೇ ಬೇರೆ. ಚಿಕ್ಕ ಜೂನಿಯರ್ ಹಳೇ 65ಬಿ ಫಾರ್ಮನ್ನೇ ಕಾಪಿ ಪೇಸ್ಟ್ ಮಾಡಿ ಇಟ್ಬಿಟ್ರು! ಎದುರಿನವ್ರು ಅಬ್ಜೆಕ್ಷನ್ ಹಾಕಿದ್ರು, ಎರಡು ಡೇಟು ಅದ್ರಲ್ಲೇ ಹೋಯ್ತು, ಎರಡಕ್ಕೂ ಫೀಸ್ ತಗೊಂಡ್ರು. ಫ್ಯಾಮಿಲಿ ಕೋರ್ಟ್ಸ್ ಆಕ್ಟ್ 14ನೇ ಸೆಕ್ಷನ್ ಇದೆ, ಇಲ್ಲಿ ಜಡ್ಜು ಸಾಕ್ಷಿ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟು ಮಾಡ್ಬೇಕಿಲ್ಲ ಅಂತ ಮೇಡಂ ಸಮಾಧಾನ ಹೇಳಿದ್ರು. ಇರ್ಬಹುದು ಮೇಡಂ, ಫಾರ್ಮ್ ಸರಿ ಇದ್ದಿದ್ರೆ ಆ ವಾದನೇ ಬೇಕಿರ್ಲಿಲ್ವಲ್ಲ. ಒಂದೂವರೆ ಸ್ಟಾರ್ ಕಟ್ ಮಾಡಿದ್ದು ಇದಕ್ಕೇ.

ನಡುವೆ 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು, ನಮ್ಮವರೇ ಆದ ಜಸ್ಟಿಸ್ ನಾಗರತ್ನ ಅವರ ಪೀಠದ್ದು, ಗಂಡ ಹೆಂಡತಿ ಮಾತು ಗುಟ್ಟಾಗಿ ರೆಕಾರ್ಡ್ ಮಾಡಿದ್ರೂ ಡಿವೋರ್ಸ್ ಕೇಸಲ್ಲಿ ಸಾಕ್ಷಿಯಾಗಿ ತಗೋಬಹುದು ಅಂತ. ನ್ಯೂಸ್ ನೋಡಿದ್ದೇ ತಡ ನನ್ ತಮ್ಮ, ಅಕ್ಕ ಎಲ್ಲಾ ರೆಕಾರ್ಡ್ ಮಾಡು, ಭಾವನ ಜಿಮೇಲ್ ನಿನ್ ಲ್ಯಾಪ್‌ಟಾಪಲ್ಲಿ ಲಾಗಿನ್ ಇದೆಯಲ್ಲ ಅದನ್ನೂ ತೆಗಿ ಅಂತ ಶುರು ಹಚ್ಕೊಂಡ. ಮೇಡಂ ಅವನನ್ನೇ ಆಫೀಸಿಗೆ ಕರ್ಸಿ ಕೂರಿಸ್ಕೊಂಡ್ರು. "ನೋಡಪ್ಪ, ನಿನ್ ಜೊತೆ ಆಡಿದ ಮಾತು ರೆಕಾರ್ಡ್ ಮಾಡೋದು ಬೇರೆ, ಇನ್ನೊಬ್ಬರ ಅಕೌಂಟ್ ಒಳಗೆ ಕೈ ಹಾಕೋದು ಬೇರೆ. ಐಟಿ ಆಕ್ಟಲ್ಲಿ ಮೂರು ವರ್ಷದವರೆಗೂ ಜೈಲಿದೆ." ರೆಕಾರ್ಡಿಂಗ್ ತಗೋತಾರೆ ಅಂದ್ರೆ ನಂಬ್ತಾರೆ ಅಂತಲ್ಲ, ನೀನು ಕಿರುಚಿದ್ದೂ ಅದ್ರಲ್ಲೇ ಕೇಳುತ್ತೆ ಅಂತ ನನ್ ಕಡೆ ತಿರುಗಿ ಹೇಳಿದ್ರು. ತಮ್ಮ ಆಮೇಲೆ ತೆಪ್ಪಗಾದ.

ಚಿಕ್ಕಮ್ಮನ ಕಥೆ ಹೇಳ್ಲೇಬೇಕು. ಒಂದಿನ ರಾತ್ರಿ ಎರಡು ಗಂಟೆಗೆ ನಮ್ಮ ಮನೆ ಗ್ರೂಪಲ್ಲಿ ಅತ್ತೆ ಬಗ್ಗೆ ಉದ್ದ ಬರ್ದಿದ್ದೆ, ಬೆಳಿಗ್ಗೆ ಹತ್ತಕ್ಕೆ ಅದು ಅತ್ತೆ ಫೋನಲ್ಲಿತ್ತು. "ಚೆನ್ನಾಗಿ ಬರ್ದಿದಾಳೆ ಅಂತ ಕಳ್ಸಿದೆ ಕಣೇ" ಅಂತಾರೆ ಚಿಕ್ಕಮ್ಮ. ಆ ಸ್ಕ್ರೀನ್‌ಶಾಟೂ ಫೈಲ್ ಸೇರ್ತು.

ಕೊನೆಗೆ ಮೀಡಿಯೇಷನ್‌ನಲ್ಲಿ ಮುಗೀತು, ಅದೂ ನ್ಯಾಯದೇಗುಲದಲ್ಲೇ. ಅಲ್ಲಿ ಆಡಿದ ಮಾತು ಕೋರ್ಟಲ್ಲಿ ಸಾಕ್ಷಿ ಆಗಲ್ಲ, ಅದಕ್ಕೇ ಏನೋ ಇಬ್ರೂ ಮೊದಲ ಸಲ ನೆಟ್ಟಗೆ ಮಾತಾಡಿದ್ವಿ. 13ಬಿ, ಅಂದ್ರೆ ಇಬ್ರೂ ಒಪ್ಪಿ ಬೇರೆಯಾಗೋ ಮ್ಯೂಚುಯಲ್ ಕನ್ಸೆಂಟ್‌ಗೆ ಬದಲಾಯಿಸಿದ್ವಿ, ಅದ್ರಲ್ಲಿ ಆರು ತಿಂಗಳು ಕಾಯ್ಬೇಕು ಅನ್ನೋದನ್ನ ಬಿಡಿಸ್ಕೊಳ್ಳೋ ಅರ್ಜಿ ಮೇಡಂ ಚೆನ್ನಾಗಿ ಹಾಕಿದ್ರು, 2017ರಿಂದ ಅದಕ್ಕೆ ದಾರಿ ಇದೆ. ಒಬ್ಬರ ಬಗ್ಗೆ ಇನ್ನೊಬ್ಬರು ಹಾಕಿರೋದೆಲ್ಲ ತೆಗೀಬೇಕು, ಮುಂದೆ ಹಾಕಬಾರದು ಅಂತ ಒಂದು ಷರತ್ತು, ಇದೂ ಮೇಡಂ ಐಡಿಯಾನೇ.

ಫೀಸು ಕಮ್ಮಿಯಿಲ್ಲ, ಸಂಜೆ ಆರರ ಮೇಲೆ ಫೋನ್ ಎತ್ತಲ್ಲ, ಲಿಫ್ಟ್ ಇಲ್ಲ, ಮಂಡಿ ನೋವಿನ ಅಮ್ಮಂದಿರನ್ನ ಕರ್ಕೊಂಡು ಹೋಗೋರು ನೋಡ್ಕೊಳ್ಳಿ. ಗೋಕರ್ಣದ ಫೋಟೋ ಷರತ್ತಿಗೆ ಬರಲ್ವಂತೆ, ಇನ್ನೂ ಹಾಗೇ ಇದೆ, 41 ಲೈಕು, ಅದ್ರಲ್ಲಿ ಒಂದು ನಾದಿನೀದು.