ಮೊಂಪೆಲಿಯೆಯಲ್ಲಿ ಒಂದು ಸೆಮಿಸ್ಟರ್: ಏಜೆನ್ಸಿಗೆ ಎರಡು ಸ್ಟಾರ್, ಮದಾಮ್‌ಗೆ ಐದು

2024ರ ಜನವರಿಯಿಂದ ಮೇ ತನಕ ಫ್ರಾನ್ಸಿನ ಮೊಂಪೆಲಿಯೆಯಲ್ಲಿ ಓದಿ ಬಂದೆ. ಕಾಲೇಜಿನ ಮೂರನೇ ವರ್ಷ, ಫ್ರೆಂಚ್ ಮೈನರ್ (ಅಂದರೆ ಎರಡನೇ ವಿಷಯ). ನಮ್ಮೂರು ಕೆಂಟಕಿಯ ಲೂಯಿವಿಲ್. ಮೊಂಪೆಲಿಯೆ ನಮ್ಮ ಸಿಸ್ಟರ್ ಸಿಟಿ, ಅಂದರೆ ಸ್ನೇಹದ ಒಪ್ಪಂದ ಮಾಡಿಕೊಂಡ ಊರು. ಆ ಊರಿನವರು ಕೊಟ್ಟ ಫ್ರಾನ್ಸಿನ ದೊರೆ 16ನೇ ಲೂಯಿಯ ಅಮೃತಶಿಲೆ ಪ್ರತಿಮೆ ನಮ್ಮ ಡೌನ್‌ಟೌನಿನಲ್ಲಿತ್ತು. 2020ರ ವರ್ಣಭೇದ ವಿರೋಧಿ ಪ್ರತಿಭಟನೆ ಹೊತ್ತಿಗೆ ಅದರ ಕೈ ಮುರಿಯಿತು, ಆಮೇಲೆ ಪ್ರತಿಮೆಯನ್ನೇ ಎತ್ತಿಕೊಂಡು ಹೋದರು. ಮೊಂಪೆಲಿಯೆಯಲ್ಲಿ ಯಾರಾದರೂ ಅದರ ಬಗ್ಗೆ ಕೇಳಿಯಾರು ಅಂತ ಉತ್ತರ ರೆಡಿ ಮಾಡಿಕೊಂಡು ಹೋಗಿದ್ದೆ. ಒಬ್ಬರೂ ಕೇಳಲಿಲ್ಲ.

ಈ ರಿವ್ಯೂ ನನ್ನನ್ನು ಕಳಿಸಿದ ಸ್ಟಡಿ ಅಬ್ರಾಡ್ ಏಜೆನ್ಸಿಯದು. ಹೆಸರು ಬೇಡ. ಇಂಥವು ಬೇಕಾದಷ್ಟಿವೆ, ಯಾವ ಬ್ರೋಷರ್ ತೆರೆದರೂ ಅದೇ ಲ್ಯಾವೆಂಡರ್ ಹೊಲ. (ಲ್ಯಾವೆಂಡರ್ ಹೂ ಬಿಡುವುದು ಜೂನ್ ಕೊನೆಗೆ. ಅಷ್ಟೊತ್ತಿಗೆ ನಾವೆಲ್ಲ ವಾಪಸ್ ಮನೆಯಲ್ಲಿರುತ್ತೇವೆ.)

ಮೊದಲು ದುಡ್ಡಿನ ಮಾತು. ನಾನು ಕೊಟ್ಟಿದ್ದು 18,400 ಡಾಲರ್. ವಿಮಾನದ ಟಿಕೆಟ್ ಬೇರೆ. ಆ ವರ್ಷ ಯುರೋಪಿನ ಹೊರಗಿನ ವಿದ್ಯಾರ್ಥಿ ಫ್ರಾನ್ಸಿನ ಸರಕಾರಿ ವಿಶ್ವವಿದ್ಯಾಲಯದಲ್ಲಿ ಡಿಗ್ರಿಗೆ ಸೇರಿದರೆ ಇಡೀ ವರ್ಷಕ್ಕೆ ಫೀ 2,770 ಯೂರೋ. ನಮ್ಮ ಕಾಲೇಜಿಗೂ ಅಲ್ಲಿನ ವಿಶ್ವವಿದ್ಯಾಲಯಕ್ಕೂ ನೇರ ಒಪ್ಪಂದ ಇದ್ದರೆ ಅದನ್ನೂ ಕೊಡಬೇಕಿಲ್ಲ, ಇಲ್ಲಿನ ಫೀ ಕಟ್ಟಿ ಹೋದರೆ ಆಯಿತು. ಹಾಗಾದರೆ ಏಜೆನ್ಸಿ ಏತಕ್ಕೆ ದುಡ್ಡು ತಗೊಂಡಿತು? ಬ್ರೋಷರ್ ಪ್ರಕಾರ ವೀಸಾ ಸಹಾಯ, ಓಡಾಟ, ಕ್ಲಾಸು, ಮನೆ.

ವೀಸಾ ಸಹಾಯ ಅಂದರೆ ಒಂದು ಪಿಡಿಎಫ್. ವಿದೇಶಿ ವಿದ್ಯಾರ್ಥಿಗಳಿಗಾಗಿರುವ ಸರಕಾರಿ ಸಂಸ್ಥೆ ಕ್ಯಾಂಪಸ್ ಫ್ರಾನ್ಸಿನ ಆನ್‌ಲೈನ್ ಅರ್ಜಿ ನಾನೇ ತುಂಬಿದೆ. ತಿಂಗಳಿಗೆ 615 ಯೂರೋ ಖರ್ಚಿಗಿದೆ ಅಂತ ತೋರಿಸುವ ಬ್ಯಾಂಕ್ ಪತ್ರ ಅಪ್ಪ ತಂದುಕೊಟ್ಟರು. ಬೆರಳಚ್ಚು ಕೊಡಲು ಚಿಕಾಗೋಗೆ ಖುದ್ದು ಹೋದೆ. ಹೋಗಲು ಐದು ಗಂಟೆ, ಬರಲು ಐದು ಗಂಟೆ, ಒಳಗೆ ಇದ್ದದ್ದು ಇಪ್ಪತ್ತು ನಿಮಿಷ.

ಓಡಾಟದ ಕಥೆ ಇನ್ನೂ ಚೆನ್ನಾಗಿದೆ. "ಟ್ರಾಮ್ ಪಾಸ್ ಸೇರಿದೆ" ಅಂತ ದಪ್ಪಕ್ಷರದಲ್ಲಿ ಹಾಕಿದ್ದರು. ಆದರೆ 2023ರ ಡಿಸೆಂಬರ್ 21ರಿಂದ ಮೊಂಪೆಲಿಯೆಯಲ್ಲಿ ವಾಸ ಇರುವವರಿಗೆಲ್ಲ ಟ್ರಾಮು, ಬಸ್ಸು ಪೂರ್ತಿ ಫ್ರೀ! ನಾವಿರುವ ಮನೆಯವರ ಹತ್ತಿರ ಒಂದು ಪತ್ರ, ಅವರ ಕರೆಂಟ್ ಬಿಲ್, ನಮ್ಮ ಐಡಿ ಇಷ್ಟು ಕೊಟ್ಟು ಪಾಸ್ ಮಾಡಿಸಿಕೊಂಡೆ. ಆ ದುಡ್ಡು ವಾಪಸ್ ಕೊಡಿ ಅಂತ ಏಜೆನ್ಸಿಗೆ ಬರೆದೆ. ಅದು ಪ್ಯಾಕೇಜಿನ ಭಾಗ, ಬಿಡಿಸಿ ಕೊಡಲಾಗದು ಅಂದರು. ಒಂದನೇ ಲೈನಿನ ನೀಲಿ ಟ್ರಾಮಿನ ಮೈಮೇಲೆ ಬಿಳಿ ಹಕ್ಕಿಗಳ ಚಿತ್ರವಿದೆ. ಅದು ಬಂದಾಗಲೆಲ್ಲ ನಮ್ಮ ಡಾಲರುಗಳೇ ರೆಕ್ಕೆ ಕಟ್ಟಿಕೊಂಡು ಹಾರುತ್ತಿವೆ ಅನ್ನಿಸುತ್ತಿತ್ತು.

ಕ್ಲಾಸಿನ ವಿಷಯದಲ್ಲಿ ಮಾತ್ರ ಏಜೆನ್ಸಿಗೆ ಅರ್ಧ ಮಾರ್ಕು ಕೊಡಬೇಕು. ಅವರದೇ ಎರಡು ಕ್ಲಾಸಿದ್ದವು. ಹದಿನಾಲ್ಕು ಜನ ಅಮೆರಿಕನ್ನರು ಕೂತು ಒಬ್ಬರ ತಪ್ಪು ಫ್ರೆಂಚನ್ನು ಇನ್ನೊಬ್ಬರು ಕಲಿಯುತ್ತಿದ್ದೆವು. ಅದಕ್ಕೆ ಸಮುದ್ರ ದಾಟಬೇಕಿರಲಿಲ್ಲ. ಉಳಿದ ಎರಡು ಕ್ಲಾಸು ವಿಶ್ವವಿದ್ಯಾಲಯದಲ್ಲೇ, ಅಲ್ಲಿನ ಹುಡುಗರ ಜೊತೆ. ದೊಡ್ಡ ಹಾಲು. ಪ್ರೊಫೆಸರ್ ಎರಡು ಗಂಟೆ ನಿಲ್ಲಿಸದೆ ಮಾತಾಡುತ್ತಾರೆ. ಸ್ಲೈಡಿಲ್ಲ, ವಾರವಾರಕ್ಕೆ ಏನು ಓದಬೇಕು ಅನ್ನುವ ಪಟ್ಟಿಯೂ ಇಲ್ಲ. ಪಕ್ಕದ ಹುಡುಗಿ ನಾಲ್ಕು ಬಣ್ಣದ ಪೆನ್ನು, ಸ್ಕೇಲು ಇಟ್ಟುಕೊಂಡು ಒಂದೊಂದು ಪದವನ್ನೂ ಬರೆದುಕೊಳ್ಳುತ್ತಿದ್ದಳು. ಅವಳ ನೋಟ್ಸ್ ಇಲ್ಲದಿದ್ದರೆ ನಾನು ಫೇಲು.

ಅಲ್ಲಿ ಮಾರ್ಕು 20ಕ್ಕೆ. ಮೊದಲ ಪೇಪರಿಗೆ 11.5 ಬಂತು. ಬಾತ್‌ರೂಮಿಗೆ ಹೋಗಿ ಅತ್ತೆ. ಆ ಹುಡುಗಿ ನೋಡಿ "ಪಾ ಮಾಲ್" ಅಂದಳು. ಕೆಟ್ಟದಾಗಿಲ್ಲ ಅಂತ ಅರ್ಥ, ಆದರೆ ಅವರ ಬಾಯಲ್ಲಿ ಅದು ಹೊಗಳಿಕೆ. 10 ಬಂದರೆ ಪಾಸು, 14ಕ್ಕೆ ಒಳ್ಳೆಯದು, 16ಕ್ಕೆ ತುಂಬಾ ಒಳ್ಳೆಯದು. 20 ಬಂದವರನ್ನು ನಾನಂತೂ ನೋಡಲಿಲ್ಲ. ಏಜೆನ್ಸಿಯವರು ಆ 11.5 ಅನ್ನು ನಮ್ಮ ಕಾಲೇಜಿನ ಲೆಕ್ಕಕ್ಕೆ ಸರಿಯಾಗಿ ಬದಲಾಯಿಸಿ ಕಳಿಸಿದರು, ಬಿ ಗ್ರೇಡ್ ಬಂತು. ಅರ್ಧ ಮಾರ್ಕು ಅದಕ್ಕೇ.

ಮಧ್ಯಾಹ್ನದ ಊಟ ಪ್ಯಾಕೇಜಿನಲ್ಲಿಲ್ಲ. ಚಿಂತೆ ಬೇಡ, ವಿದ್ಯಾರ್ಥಿಗಳ ಕ್ಯಾಂಟೀನಿನಲ್ಲಿ ಆಗ ಇಡೀ ಟ್ರೇ ಊಟಕ್ಕೆ 3.30 ಯೂರೋ ಇತ್ತು. ಸ್ಕಾಲರ್‌ಶಿಪ್ ಇರುವ ಅಲ್ಲಿನ ಮಕ್ಕಳಿಗೆ ಒಂದೇ ಯೂರೋ ಇತ್ತು. ಲೂಯಿವಿಲ್‌ನಲ್ಲಿ ಆ 3.30 ಯೂರೋಗೆ ನನಗೆ ಒಂದು ಕಾಫಿ ಬರುತ್ತದೆ, ಅದೂ ಚಿಕ್ಕದು.

ಇನ್ನು ಮನೆ. ಅಂದರೆ ಮದಾಮ್, ನಾನಿದ್ದ ಮನೆಯ ಒಡತಿ.

ಮದಾಮ್‌ಗೆ ಎಪ್ಪತ್ತರ ಹತ್ತಿರ ವಯಸ್ಸು. ಸ್ಕೂಲಿನಲ್ಲಿ ಇತಿಹಾಸ, ಭೂಗೋಳ ಪಾಠ ಮಾಡಿ ರಿಟೈರ್ ಆದವರು. ಮೊದಲ ದಿನ ಬಾಗಿಲು ತೆಗೆದು ನನ್ನ ಮುಖ ನೋಡಿದರು. ಆಮೇಲೆ ನನ್ನ ಹೆಗಲಾಚೆ ಇಣುಕಿದರು, ಅಮೆರಿಕದ ಹುಡುಗಿ ಹಿಂದೆ ಬರುತ್ತಿರಬೇಕು ಅಂತ. ನಾನೇ ಅವಳು ಅಂತ ಹೇಳಬೇಕಾಯಿತು. ಮೂರು ಸಲ ಕೆನ್ನೆಗೆ ಕೆನ್ನೆ ತಾಗಿಸಿ ಒಳಗೆ ಕರೆದರು. ಮೇಜಿನ ಮೇಲೆ ನನಗಾಗಿ ತಂದಿಟ್ಟಿದ್ದ ಪೀನಟ್ ಬಟರ್ ಡಬ್ಬಿ. ನಾಲ್ಕು ತಿಂಗಳಲ್ಲಿ ಅದನ್ನು ಅವರೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ.

ರಾತ್ರಿ ಊಟಕ್ಕೆ ಕೀಶ್, ಅಂದರೆ ಮೊಟ್ಟೆ, ಕೆನೆ ತುಂಬಿದ ಪೈ. ಮೇಲೆಲ್ಲ ಗುಲಾಬಿ ಬಣ್ಣದ ಚೂರುಗಳು. ಇದು ಮಾಂಸ ಅಲ್ವಾ ಅಂತ ಕೇಳಿದೆ.

"ಅಯ್ಯೋ, ನೀವು ಮಾಂಸ ತಿನ್ನುವುದಿಲ್ಲ ಅಂತ ಗೊತ್ತು. ಇದು ಮಾಂಸ ಅಲ್ಲ, ಲಾರ್ದೋಂ."

ಲಾರ್ದೋಂ ಅಂದರೆ ಹಂದಿ ಮಾಂಸದ ಚೂರು. ನಾನು ಫಾರಮ್ಮಿನಲ್ಲಿ ಸಸ್ಯಾಹಾರಿ ಅಂತ ಟಿಕ್ ಮಾಡಿದ್ದೆ. ಏಜೆನ್ಸಿಯಿಂದ ಮದಾಮ್ ಕೈಗೆ ಬಂದ ಕಾಗದದಲ್ಲಿ "ಮೀನು, ಕೋಳಿ ಪರವಾಗಿಲ್ಲ" ಅಂತಿತ್ತು. ಅದನ್ನು ಬರೆದವರು ಯಾರೋ! ಫೋನ್ ಮಾಡಿದರೆ, ಬೇರೆ ಮನೆ ಹುಡುಕಲು ಎರಡು ವಾರ ಬೇಕು ಅಂದರು.

ಮದಾಮ್‌ಗೆ ಎರಡು ದಿನ ಸಾಕಾಯಿತು. ಫ್ರಿಜ್ ಮೇಲೆ ಒಂದು ಪಟ್ಟಿ ಅಂಟಿಸಿದರು. ಎಡಗಡೆ "ಆಗುತ್ತೆ", ಬಲಗಡೆ "ಆಗಲ್ಲ". ಬಲಗಡೆ ವಾರವಾರವೂ ಬೆಳೆಯಿತು. ಮೂರನೇ ವಾರ ಅವರ ತರಕಾರಿ ಸೂಪಿನಲ್ಲಿ ಕೋಳಿ ಸಾರಿನ ಕ್ಯೂಬ್ ಇದೆ ಅಂತ ಅವರೇ ಕಂಡುಹಿಡಿದು, ನನಗಿಂತ ಜಾಸ್ತಿ ಬೇಜಾರು ಮಾಡಿಕೊಂಡರು. ಆಮೇಲೆ ಎಷ್ಟು ಬಗೆ! ಪ್ಯೂಯ್ ಊರಿನ ಹಸಿರು ಬೇಳೆ, ರಟಟೂಯ್ ಅನ್ನುವ ತರಕಾರಿ ಪಲ್ಯ, ಹಾಲಲ್ಲಿ ಬೇಯಿಸಿದ ಆಲೂಗಡ್ಡೆ, ಕೊನೆಗೆ ಚೀಸ್. ಬ್ರೆಡ್ಡನ್ನು ತಟ್ಟೆಯಲ್ಲಿ ಇಡಬಾರದು, ಮೇಜುಬಟ್ಟೆಯ ಮೇಲೇ ಇಡಬೇಕು. ಬ್ರೀ ಚೀಸಿನ ಚೂಪು ತುದಿಯನ್ನು ಕತ್ತರಿಸಿಕೊಂಡರೆ ಅಷ್ಟೇ, ಮೊದಲ ಸಲ ಅವರು ನೋಡಿದ ನೋಟ ಇನ್ನೂ ಮರೆತಿಲ್ಲ.

ಎಂಟಕ್ಕೆ ಕೂತರೆ ಏಳುವುದು ಒಂಬತ್ತೂವರೆಗೆ. ಫೋನು ಮೇಜಿನ ಹತ್ತಿರ ಬರುವಂತಿಲ್ಲ. ನಾನು ಫ್ರೆಂಚ್ ಕಲಿತದ್ದು ಅಲ್ಲೇ. ಮೇಜು ಹೆಣ್ಣು, ಫ್ರಿಜ್ ಗಂಡು, ತಪ್ಪಿದರೆ ಚಮಚ ಎತ್ತಿ ತಡೆಯುತ್ತಿದ್ದರು. ನಮ್ಮ ಮನೆ ಭಾಷೆಯಲ್ಲಿ ಜೀವ ಇಲ್ಲದ್ದೆಲ್ಲ "ಅದು" ಅಂದೆ. ತುಂಬಾ ನ್ಯಾಯವಾದ ಭಾಷೆ ಅಂದರು. ಆದರೆ "ತು" ಮತ್ತು "ವು" ನನಗೆ ಕಷ್ಟವೇ ಆಗಲಿಲ್ಲ. ಜೊತೆಗಿದ್ದ ಅಮೆರಿಕನ್ನರು ಯಾರಿಗೆ ಯಾವುದು ಅಂತ ಚಾರ್ಟ್ ಹಾಕಿಕೊಂಡು ಒದ್ದಾಡುತ್ತಿದ್ದರು. ಅಮ್ಮನಿಗೆ ನೀನು, ಅಪ್ಪನಿಗೆ ನೀವು ಅಂತ ಬೆಳೆದವಳಿಗೆ ಅದನ್ನು ಹೇಳಿಕೊಡಬೇಕಾ? ಮಾರ್ಚಿನಲ್ಲಿ ಒಂದು ರಾತ್ರಿ ಮದಾಮ್ ತಟ್ಟೆ ಎತ್ತುತ್ತಾ, "ಇನ್ನು ನೀನು ಅನ್ನೋಣ" ಅಂದರು. ಅವರು ಅಂದರು. ನನಗೆ ಕೊನೆಯ ದಿನದವರೆಗೂ ಬಾಯಿ ಬರಲಿಲ್ಲ.

ತಕರಾರು ಇಲ್ಲವೆಂದಲ್ಲ. ಸ್ನಾನ ಐದು ನಿಮಿಷ ದಾಟಿದರೆ ಬಾಗಿಲು ತಟ್ಟುತ್ತಾರೆ. ಫೆಬ್ರವರಿಯ ಚಳಿಯಲ್ಲೂ ಹೀಟರ್ ಕೇಳಿದರೆ ಸ್ವೆಟರ್ ಸಿಗುತ್ತದೆ.

ಒಟ್ಟು 5ಕ್ಕೆ 2 ಸ್ಟಾರ್. ಅದರಲ್ಲಿ ಒಂದೂವರೆ ಮದಾಮ್‌ರನ್ನು ಹುಡುಕಿಕೊಟ್ಟಿದ್ದಕ್ಕೆ, ಅರ್ಧ ಆ ಬಿ ಗ್ರೇಡಿಗೆ. ನಿಮ್ಮ ಕಾಲೇಜಿಗೆ ನೇರ ಒಪ್ಪಂದ ಇದೆಯಾ ಅಂತ ಮೊದಲು ವಿಚಾರಿಸಿ. ಇದ್ದರೆ ಅದರಲ್ಲೇ ಹೋಗಿ, ರಾತ್ರಿ ಊಟ ಹಾಕುವ ಮನೆಯನ್ನು ಮಾತ್ರ ಬೇರೆ ಹುಡುಕಿ. ಇಲ್ಲದಿದ್ದರೆ, ಏಜೆನ್ಸಿಯ ಫಾರಮ್ಮಿನಲ್ಲಿ ಸಸ್ಯಾಹಾರಿ ಅಂತ ಸುಮ್ನೆ ಟಿಕ್ ಮಾಡಬೇಡಿ. ಫ್ರೆಂಚಿನಲ್ಲೇ ಉದ್ದಕ್ಕೆ ಬರೆಯಿರಿ: ಮಾಂಸ ಬೇಡ, ಮೀನು ಬೇಡ, ಕೋಳಿ ಸಾರಿನ ಕ್ಯೂಬ್ ಬೇಡ, ಲಾರ್ದೋಂ ಕೂಡ ಬೇಡ.