ವಾಕ್‌ಔಟ್ ಹಾಡು: ಸ್ಯಾಂಡ್‌ಸ್ಟಾರ್ಮ್ ಥರದ್ದಾ, ಇತ್ಸಾರಿ ಥರದ್ದಾ?

ಮೊದಲ ಎಂಎಂಎ (ಗುದ್ದು, ಒದೆ, ಕುಸ್ತಿ ಎಲ್ಲ ಸೇರಿದ ಕಾದಾಟ) ಫೈಟ್‌ಗೆ ವಾಕ್‌ಔಟ್ ಹಾಡು, ಅಂದರೆ ಅಖಾಡಕ್ಕೆ ನಡೆದು ಬರುವಾಗ ಹಾಕಿಸುವ ಹಾಡು, ಹುಡುಕ್ತಿದ್ದೀರಾ? ಬ್ರೆಜಿಲಿನ ಇಬ್ಬರು ಫೈಟರ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿ.

ವಾಂಡರ್ಲೇ ಸಿಲ್ವಾ ಜಪಾನಿನ ಪ್ರೈಡ್ ಎಂಬ ಎಂಎಂಎ ಸಂಸ್ಥೆಯ ರಿಂಗಿಗೆ ಬರುತ್ತಿದ್ದದ್ದು ಫಿನ್‌ಲ್ಯಾಂಡಿನ ಡಿಜೆ ದಾರೂಡೆಯ 'ಸ್ಯಾಂಡ್‌ಸ್ಟಾರ್ಮ್'ಗೆ. ಮಾತಿಲ್ಲ, ಬರೀ ವೇಗ. ಅವನ ಆಟವೂ ಹಾಗೇ: ಬೆಲ್ ಹೊಡೆದ ಕೂಡಲೇ ನುಗ್ಗುವುದು, ಹಿಂದೆ ಸರಿಯುವ ಯೋಚನೆಯೇ ಇಲ್ಲ.

ಅಲೆಕ್ಸ್ ಪೆರೇರಾ ಇದಕ್ಕೆ ಪೂರ್ತಿ ಉಲ್ಟಾ. ಅವನ ಬೇರು ಪಟಾಶೋ ಬುಡಕಟ್ಟಿನದು, ಅವನು ಆರಿಸಿದ್ದು ಸೆಪಲ್ಟುರಾ ಬ್ಯಾಂಡ್ ಶಾವಾಂಟೆ ಬುಡಕಟ್ಟಿನವರ ಜೊತೆ ಮಾಡಿದ, 1996ರಲ್ಲಿ ಬಂದ 'ಇತ್ಸಾರಿ'. ನಿಧಾನದ ಸಾಮೂಹಿಕ ದನಿ, ಅದರ ಮಧ್ಯೆ ಮುಖದಲ್ಲಿ ಒಂದು ಗೆರೆಯೂ ಅಲುಗದ ಈ ಮನುಷ್ಯ ಬಿಲ್ಲು ಎಳೆದು ಬಾಣ ಬಿಡುವ ಸನ್ನೆ ಮಾಡುತ್ತಾನೆ. ಕಾಯ್ದು, ಎಡಗೈ ಹುಕ್ (ಪಕ್ಕದಿಂದ ಬಾಗಿ ಬರುವ ಗುದ್ದು) ಒಂದರಲ್ಲೇ ಮುಗಿಸುವವನಿಗೆ ಇದಕ್ಕಿಂತ ಸರಿಯಾದ್ದು ಸಿಗಲ್ಲ.

ನಿಮಗೆ ಯಾವುದು? ಸುಮ್ನೆ ಜನ ಕುಣೀತಾರೆ ಅಂತ ಮೊದಲನೆಯದಕ್ಕೆ ಹೋಗಬೇಡಿ. ಮೊದಲೇ ಎದೆ ಡವಡವ ಅನ್ನುವವರು ವೇಗದ ಹಾಡು ಹಾಕಿಸಿದರೆ ಮೊದಲ ರೌಂಡಲ್ಲೇ ಉಸಿರು ಖಾಲಿ. ಅಂಥವರಿಗೆ ಪೆರೇರಾ ದಾರಿಯೇ ಸರಿ. ಬಿಸಿಯಾಗಲು ತಡ ಆಗುವವರು ಸಿಲ್ವಾ ದಾರಿ ಹಿಡಿಯಿರಿ. (1988ರಲ್ಲಿ ಬಾಕ್ಸರ್ ಮೈಕ್ ಟೈಸನ್ ಹಾಡೇ ಇಲ್ಲದೆ, ಬರೀ ಭಯಂಕರ ಸದ್ದಿಗೆ ನಡೆದು ಬಂದು ಎದುರಾಳಿ ಮೈಕಲ್ ಸ್ಪಿಂಕ್ಸ್‌ನನ್ನು 91 ಸೆಕೆಂಡಲ್ಲಿ ಮಲಗಿಸಿದ. ಅದನ್ನು ನಾವು ಟ್ರೈ ಮಾಡೋದು ಬೇಡ ಅಲ್ವಾ!)

ಯಾವುದೇ ಆಗಲಿ, ಉದ್ದದ ಇಂಟ್ರೋ ಕತ್ತರಿಸಿ ಕೊಡಿ. ಇಲ್ಲದಿದ್ದರೆ ಒಳ್ಳೆ ಭಾಗ ಬರುವಷ್ಟರಲ್ಲಿ ನೀವು ಕೇಜ್ (ಸುತ್ತ ಬಲೆ ಕಟ್ಟಿದ ಅಖಾಡ) ಒಳಗಿರುತ್ತೀರಿ.